ಅಚ್ಚಾಗದ ಅಕ್ಷರಗಳನ್ನೆಲ್ಲ ಅಳಿಸಿಬಿಡಬಹುದೇ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಸದಸ್ಯರ ವಿವರಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಇಡುತ್ತಿದ್ದೇವೆ. ಸದಸ್ಯರ ಫೋಟೊವನ್ನು ಟೆಕ್ಸ್ಟ್ ಕಾಲಮ್ಮಿಗೆ ಸೇರಿಸಲು ಹೋದಾಗಲೆಲ್ಲ ಬೈಟ್‌ಗಳ ಸರಣಿ ಸರಿಯಿಲ್ಲವೆಂಬ ದೋಷಸಂದೇಶ ಬರುತ್ತದೆ. ಅಲ್ಲದೆ, ಪಟ್ಟಿಯಲ್ಲಿ ಕಣ್ಣೆದುರೇ ಇರುವ ಕೆಲವು ಹೆಸರುಗಳು ಹುಡುಕಿದಾಗ ಸಿಗುವುದಿಲ್ಲ. ಫೋಟೊಗಳನ್ನು ಬೇಸ್64 ಎಂಬ, ಬೈಟ್‌ಗಳನ್ನು ಸಾಮಾನ್ಯ ಅಕ್ಷರಗಳಾಗಿ ಬರೆಯುವ ರೂಪಕ್ಕೆ ಬದಲಾಯಿಸಿ, ಹೆಸರುಗಳಲ್ಲಿರುವ ಅಚ್ಚಾಗದ (ಕಣ್ಣಿಗೆ ಕಾಣದ) ಅಕ್ಷರಗಳನ್ನೆಲ್ಲ ಒಂದೇ ಸಲಕ್ಕೆ ಅಳಿಸುವಂತೆ ಪರಿಚಿತರೊಬ್ಬರು ಸಲಹೆ ಕೊಟ್ಟಿದ್ದಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಲಹೆಯ ಮೊದಲ ಭಾಗ ಅನಗತ್ಯ; ಎರಡನೆಯದನ್ನಂತೂ ದಯವಿಟ್ಟು ಪಾಲಿಸಬೇಡಿ.

ಫೋಟೊದ ವಿಷಯವನ್ನು ಮೊದಲು ನೋಡೋಣ. ಟೆಕ್ಸ್ಟ್ ಕಾಲಮ್ಮಿಗೆ ಬರುವ ಪ್ರತಿಯೊಂದು ಬೈಟನ್ನೂ ಪೋಸ್ಟ್‌ಗ್ರೆಸ್ ಅಕ್ಷರವೆಂದೇ ಭಾವಿಸಿ, ಅದು ಡೇಟಾಬೇಸಿನ ಎನ್‌ಕೋಡಿಂಗಿಗೆ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮಕ್ಕೆ), ಅಂದರೆ ಸಾಮಾನ್ಯವಾಗಿ ಯುಟಿಎಫ್-8ಕ್ಕೆ, ಹೊಂದುತ್ತದೆಯೇ ಎಂದು ಪರೀಕ್ಷಿಸುತ್ತದೆ. ಜೆಪೆಗ್ ಕಡತದ ಮೊದಲ ಬೈಟಿನ ಬೆಲೆ 255. ಯುಟಿಎಫ್-8ರಲ್ಲಿ ಆ ಬೈಟಿಗೆ ಎಲ್ಲಿಯೂ ಸ್ಥಾನವಿಲ್ಲದ ಕಾರಣ ಪರೀಕ್ಷೆ ಅಲ್ಲಿಯೇ ವಿಫಲವಾಗುತ್ತದೆ. ಇನ್ನು ಸೊನ್ನೆ ಬೆಲೆಯ ಬೈಟ್ ಯುಟಿಎಫ್-8ರಲ್ಲಿ ಸಿಂಧುವಾಗಿದ್ದರೂ ಪೋಸ್ಟ್‌ಗ್ರೆಸ್ ಅದನ್ನು ಟೆಕ್ಸ್ಟ್‌ನಲ್ಲಿ ಒಪ್ಪುವುದಿಲ್ಲ. ಬೇಸ್64 ಈ ಅಡ್ಡಿಯನ್ನು ದಾಟಿಸುತ್ತದೆ ನಿಜ, ಆದರೆ ಮೂರು ಬೈಟ್‌ಗಳಿಗೆ ನಾಲ್ಕು ಅಕ್ಷರಗಳಂತೆ ಗಾತ್ರವನ್ನು ಮೂರನೇ ಒಂದರಷ್ಟು ಹೆಚ್ಚಿಸುತ್ತದೆ. ಇಂತಹ ಬೈಟ್‌ಗಳನ್ನು ಇದ್ದ ಹಾಗೆಯೇ ಇಡಲೆಂದೇ ಪೋಸ್ಟ್‌ಗ್ರೆಸ್‌ನಲ್ಲಿ ಬೈಟ್‌ಎ ಎಂಬ ಕಾಲಂ ಬಗೆಯಿದೆ; ಫೋಟೊವನ್ನು ಅದರಲ್ಲಿಡಿ. ಬೈಟ್‌ಗಳನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ ಅಂಟಿಸದೆ, ಪ್ರೋಗ್ರಾಮಿನಿಂದ ಪ್ಯಾರಾಮೀಟರ್ ಆಗಿ ಕಳುಹಿಸಿ. ಅನಂತರ ತೆರೆದು ನೋಡಿದಾಗ ಹೆಕ್ಸ್ (ಹದಿನಾರರ ಆಧಾರದ) ಅಂಕಿಗಳ ಉದ್ದನೆಯ ಸಾಲು ಕಂಡರೆ ಗಾಬರಿಯಾಗಬೇಡಿ: 2010ರಲ್ಲಿ ಬಂದ 9.0 ಆವೃತ್ತಿಯಿಂದ ಬೈಟ್‌ಎಯನ್ನು ತೋರಿಸುವ ರೀತಿಯೇ ಅದು, ಒಳಗಿರುವುದು ಮೂಲ ಬೈಟ್‌ಗಳೇ.

ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಇಲ್ಲೊಂದು ಎಚ್ಚರಿಕೆ. ಇಂತಹ ಬೈಟ್‌ಗಳಿಗಾಗಿ ಅಲ್ಲಿರುವ ಬ್ಲಾಬ್ ಕಾಲಂ ಹಿಡಿಯುವುದು 65,535 ಬೈಟ್‌ಗಳನ್ನು ಮಾತ್ರ. ಮಿತಿ ಮೀರಿದ ಮಾಹಿತಿಯನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್ ಚಾಲ್ತಿಯಲ್ಲಿ ಇಲ್ಲದಿದ್ದರೆ ಅದಕ್ಕಿಂತ ದೊಡ್ಡ ಫೋಟೊ ಒಂದು ಎಚ್ಚರಿಕೆಯ ಸಂದೇಶದೊಂದಿಗೆ ತುಂಡಾಗಿ ಸೇರುತ್ತದೆ. ಹೆಚ್ಚು ಹಿಡಿಯುವ ಮೀಡಿಯಂಬ್ಲಾಬ್ ಆರಿಸಿಕೊಳ್ಳುವುದು ಕ್ಷೇಮ.

ಹೆಸರುಗಳ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದದ್ದು, ಕನ್ನಡಿಗರಾದ ನಾವು ಹೆಚ್ಚು ಕಾಳಜಿ ವಹಿಸಬೇಕಾದದ್ದೂ ಹೌದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಕ್ಷರವಾಗಿ ಅಂಟದಂತೆ ತಡೆಯುವುದು ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ, ಯುನಿಕೋಡ್‌ನಲ್ಲಿ 200ಸಿ ಸಂಖ್ಯೆಯ, ಕಣ್ಣಿಗೆ ಕಾಣದ ಅಕ್ಷರ. ಅದನ್ನು ಅಳಿಸಿದರೆ ಉಳಿಯುವುದು ‘ರಾಜ್ಕುಮಾರ್’. ಅದೇ ರೀತಿ ‘ರ‍್ಯಾಂಕ್’ ಎಂಬಲ್ಲಿ ರಕಾರವು ಅರ್ಕಾವತ್ತಾಗದೆ ನಿಲ್ಲುವುದು 200ಡಿ ಸಂಖ್ಯೆಯ ಜಾಯ್ನರ್‌ನಿಂದ. ಇವೆರಡೂ ಕಸವಲ್ಲ, ಕಾಗುಣಿತದ ಭಾಗ. ಆದರೆ ಪೈಥಾನ್ ಭಾಷೆಯ ಈಸ್‌ಪ್ರಿಂಟಬಲ್ ಪರೀಕ್ಷೆ ಇವುಗಳನ್ನೂ ಟ್ಯಾಬ್, ಹೊಸಸಾಲಿನ ಸಂಕೇತಗಳನ್ನೂ ಒಂದೇ ಗುಂಪಿಗೆ ಸೇರಿಸಿ ಅಚ್ಚಾಗದವು ಎನ್ನುತ್ತದೆ. ಇಂಗ್ಲಿಷನ್ನಷ್ಟೇ ಗಮನದಲ್ಲಿಟ್ಟುಕೊಂಡು 32ರಿಂದ 126ರವರೆಗಿನ ಸಂಖ್ಯೆಗಳ ಅಕ್ಷರಗಳನ್ನು ಮಾತ್ರ ಉಳಿಸುವ ಸೂತ್ರವನ್ನು ಓಡಿಸಿದರಂತೂ ಇಡೀ ಕನ್ನಡವೇ ಅಳಿಸಿಹೋಗುತ್ತದೆ. ಸದಸ್ಯರ ಹೆಸರನ್ನು ಅವರು ಬರೆದುಕೊಟ್ಟ ಹಾಗೆ ಕಾಪಾಡುವುದು ಸಂಘದ ಹೊಣೆ ಎಂದೇ ನಾನು ಭಾವಿಸುತ್ತೇನೆ.

ಹುಡುಕಾಟದಲ್ಲಿ ಹೆಸರು ತಪ್ಪಿಹೋಗುವುದೇಕೆಂದರೆ, ಒಬ್ಬರು ನಾನ್ ಜಾಯ್ನರ್ ಬಳಸಿ, ಇನ್ನೊಬ್ಬರು ಬಳಸದೆ ಟೈಪ್ ಮಾಡಿರುತ್ತಾರೆ; ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಬೈಟ್‌ಗೆ ಬೈಟ್ ಹೋಲಿಸುವುದರಿಂದ ಅದಕ್ಕೆ ಇವು ಬೇರೆ ಬೇರೆ ಹೆಸರುಗಳು. ಇನ್ನೊಂದು ಕಾರಣವೂ ಇರಬಹುದು: ‘ಕೊ’ ಎಂಬುದನ್ನು ಕಕಾರ ಮತ್ತು ಒಂದೇ ಸ್ವರಚಿಹ್ನೆಯಾಗಿಯೂ, ಕಕಾರ, ಎತ್ವ ಮತ್ತು ಊತ್ವಗಳ ಮೂರು ಸಂಕೇತಗಳಾಗಿಯೂ ಸಂಗ್ರಹಿಸಲು ಸಾಧ್ಯ, ತೆರೆಯ ಮೇಲೆ ಎರಡೂ ಒಂದೇ. ಅನುಮಾನವಿರುವ ಹೆಸರನ್ನು ಕನ್ವರ್ಟ್‌_ಟು ಮತ್ತು ಎನ್‌ಕೋಡ್ ಫಂಕ್ಷನ್‌ಗಳ ಮೂಲಕ ಹೆಕ್ಸ್ ರೂಪದಲ್ಲಿ ನೋಡಿದರೆ ಒಳಗೇನಿದೆ ಎಂಬುದು ಸ್ಪಷ್ಟವಾಗುತ್ತದೆ.

ಪರಿಹಾರವಾಗಿ, ಮೂಲ ಹೆಸರಿನ ಕಾಲಮ್ಮನ್ನು ಮುಟ್ಟದೆ ಹುಡುಕಾಟಕ್ಕೆಂದೇ ಇನ್ನೊಂದು ಕಾಲಂ ಮಾಡಿಕೊಳ್ಳಿ. ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ (‘ಕೊ’ದಂಥವನ್ನು ಒಂದೇ ಬಗೆಯ ಸಂಕೇತಗಳಲ್ಲಿ ಇಡುವ ಯುನಿಕೋಡ್ ರೂಪಕ್ಕೆ) ತಂದು, ಟ್ರಾನ್ಸ್‌ಲೇಟ್ ಫಂಕ್ಷನ್ನಿನಿಂದ 200ಸಿ ಮತ್ತು 200ಡಿ ಎರಡನ್ನೂ ತೆಗೆದು ಅದರಲ್ಲಿಡಿ. ಪೋಸ್ಟ್‌ಗ್ರೆಸ್‌ನ 12ನೇ ಆವೃತ್ತಿಯಿಂದ ಜನರೇಟೆಡ್ ಕಾಲಂ (ತಾನಾಗಿ ತುಂಬಿಕೊಳ್ಳುವ ಕಾಲಂ) ಸೌಲಭ್ಯವೂ, 13ನೇ ಆವೃತ್ತಿಯಿಂದ ಎನ್‌ಎಫ್‌ಸಿ ರೂಪಕ್ಕೆ ತರುವ ನಾರ್ಮಲೈಸ್ ಫಂಕ್ಷನ್ನೂ ಇರುವುದರಿಂದ ಈ ಕೆಲಸವನ್ನು ಡೇಟಾಬೇಸಿಗೇ ಒಪ್ಪಿಸಬಹುದು. ಬಳಕೆದಾರರು ಹುಡುಕಲು ಟೈಪ್ ಮಾಡುವ ಪದಕ್ಕೂ ಇದೇ ಸಂಸ್ಕಾರ ಆಗಬೇಕು. ಇಲ್ಲವಾದರೆ ಹೊಸ ಕಾಲಂನಿಂದ ಪ್ರಯೋಜನವಾಗದು. ಹೆಸರಿನ ಮೂಲ ಕಾಲಂನಿಂದ ನಿಶ್ಚಿಂತೆಯಾಗಿ ತೆಗೆಯಬಹುದಾದವು ಮೊದಲಿನ ಮತ್ತು ಕೊನೆಯ ಖಾಲಿ ಜಾಗಗಳು, ಟ್ಯಾಬ್, ಹೊಸಸಾಲು, ಹಾಗೂ ಎಕ್ಸೆಲ್ ಮುಂತಾದವುಗಳಿಂದ ಸಿಎಸ್‌ವಿ ಕಡತ ತರುವಾಗ ಮೊದಲ ಸಾಲಿಗೆ ಅಂಟಿಕೊಂಡು ಬರುವ ಬೈಟ್ ಆರ್ಡರ್ ಮಾರ್ಕ್ ಎಂಬ ಕಣ್ಣಿಗೆ ಕಾಣದ ಗುರುತು ಮಾತ್ರ.