ಪ್ರೊಬೇಷನ್ ಅಧಿಕಾರಿ ಮನೆಗೆ ಬಂದಾಗ

ಪ್ರಶ್ನೆ: ಅಣ್ಣನ ಮಗನಿಗೆ 20 ವರ್ಷ. ಬೈಕ್ ಕದ್ದ ಕೇಸಿನಲ್ಲಿ ತಪ್ಪಿತಸ್ಥನೆಂದಾಗಿದೆ. ಇದೇ ಮೊದಲ ಕೇಸು. ಶಿಕ್ಷೆ ಹೇಳುವ ಮುಂಚೆ ಕೋರ್ಟು ಪ್ರೊಬೇಷನ್ ಅಧಿಕಾರಿಯ ವರದಿ ಕೇಳಿದೆ. ಅವರು ಬಂದರೆ ಏನು ಹೇಳಬೇಕು? ಹುಡುಗನ ಕೆಲಸ ಮಂಗಳೂರಿನಲ್ಲಿ.
– ಓದುಗರು, ಮಂಜೇಶ್ವರ (ಕಾಸರಗೋಡು ಜಿಲ್ಲೆ, ಕೇರಳ)

ಉತ್ತರ: ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪ್ರೊಬೇಷನ್ ಎಂದರೆ ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ ಷರತ್ತಿನ ಮೇಲೆ ಬಿಡುವುದು. 1958ರ ಪ್ರೊಬೇಷನ್ ಕಾಯ್ದೆಯ 6ನೇ ಕಲಮಿನಂತೆ, ಇಂಥ ಕೇಸುಗಳಲ್ಲಿ 21 ತುಂಬದವರನ್ನು ಜೈಲಿಗೆ ಕಳಿಸದಿರುವುದೇ ನಿಯಮ. ಕಳಿಸಲೇಬೇಕೆಂದರೆ ನ್ಯಾಯಾಧೀಶರು ಈ ವರದಿ ನೋಡಿ, ಕಾರಣ ಬರೆಯಬೇಕು. ವಯಸ್ಸಿನ ಲೆಕ್ಕ ಕದ್ದ ದಿನದ್ದಲ್ಲ, ಕೋರ್ಟು ಶಿಕ್ಷೆ ತೀರ್ಮಾನಿಸುವ ದಿನದ್ದು. ಅಷ್ಟರಲ್ಲಿ 21 ದಾಟಿದರೆ 4ನೇ ಕಲಂ ಇದೆ: ಹೆಚ್ಚೆಂದರೆ ಮೂರು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಆದರೆ ಅಲ್ಲಿ ಅದು ಕೋರ್ಟಿನ ವಿವೇಚನೆ. ಹಾಗಾಗಿ ಹುಟ್ಟಿದ ದಿನಾಂಕದ ದಾಖಲೆ ಮೊದಲೇ ವಕೀಲರ ಕೈಯಲ್ಲಿರಲಿ.

ಅಧಿಕಾರಿ ಕೇಳುವುದು ಓದು, ದುಡಿಮೆ, ಸಾಲ, ಸಹವಾಸ, ಕುಡಿತ ಅಥವಾ ಗಾಂಜಾ, ಮನೆಯಲ್ಲಿ ಅವನು ಯಾರ ಮಾತು ಕೇಳುತ್ತಾನೆ ಎಂಬುದು. ಹೆಚ್ಚಿನ ಮನೆಯವರು ಎಡವುವುದು ಇಲ್ಲೇ. 'ಅವನೇನೂ ಮಾಡಿಲ್ಲ, ಪೊಲೀಸರು ಸಿಕ್ಕಿಸಿದ್ದು' ಎಂದು ಹಠ ಹಿಡಿಯುತ್ತಾರೆ. ಆ ವಾದಕ್ಕೆ ಅಪೀಲು ಇದೆ. ವರದಿಯಲ್ಲಿ ಅದು, ಮನೆಯಲ್ಲಿ ತಿದ್ದುವವರಿಲ್ಲ ಎಂದೇ ಕಾಣುತ್ತದೆ. ಕುಡಿತ ಮುಚ್ಚಿಟ್ಟರೆ ನೆರೆಮನೆಯವರ ಬಾಯಿಂದ ಹೊರಬೀಳುತ್ತದೆ. ಅದರ ಬದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒ.ಪಿ. ಚೀಟಿ ತೋರಿಸಿ. ಕೆಲಸ ಕೊಟ್ಟವರ ಪತ್ರ, ರೇಷನ್ ಕಾರ್ಡು, ಎಸ್ಸೆಸ್ಸೆಲ್ಸಿ ಪುಸ್ತಕ ತೆಗೆದಿಡಿ. ವರದಿ ಕಾನೂನಿನಂತೆ ಗೋಪ್ಯ, ಆದರೂ ಅದರ ಸಾರಾಂಶವನ್ನು ಕೋರ್ಟು ಹುಡುಗನಿಗೆ ತಿಳಿಸಿ ಉತ್ತರಿಸಲು ಅವಕಾಶ ಕೊಡಬಹುದು.

ಮಂಗಳೂರಿನ ಕೆಲಸ ಮುಚ್ಚಿಡಬೇಡಿ. 4ನೇ ಕಲಮಿಗೆ ಅವನಿಗೋ ಜಾಮೀನುದಾರನಿಗೋ ಕೋರ್ಟಿನ ವ್ಯಾಪ್ತಿಯಲ್ಲಿ, ಇಲ್ಲವೇ ಮುಚ್ಚಳಿಕೆಯ ಅವಧಿಯಲ್ಲಿ ಹುಡುಗ ಇರಲಿರುವ ಊರಿನಲ್ಲಿ, ಸ್ಥಿರ ವಾಸ ಅಥವಾ ಕಾಯಂ ಉದ್ಯೋಗ ಇರಬೇಕು. ಮಂಜೇಶ್ವರದ ಮನೆಯಿಂದ ನಿತ್ಯ ಹೋಗಿಬರುವುದಾದರೆ ಅದನ್ನೇ ಬರೆಸಿ. ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯ ಆದೇಶವಾದರೆ ಅದು ಒಂದು ವರ್ಷಕ್ಕಿಂತ ಕಡಿಮೆಯಿರದು. ವಾಸದ ಷರತ್ತೂ ಬರಬಹುದು. ಆಗ ಹೇಳದೆ ಕೇಳದೆ ಗಡಿಯಾಚೆ ರೂಮು ಮಾಡಿದರೆ ಷರತ್ತು ಮುರಿದಂತೆ, ಮೂಲ ಕೇಸಿಗೇ ಶಿಕ್ಷೆಯಾಗಬಹುದು. ವಾಸ ಬದಲಿಸಲೇಬೇಕಾದರೆ ಅಧಿಕಾರಿಗೆ ತಿಳಿಸಿ; ಅವರು ಅರ್ಜಿ ಹಾಕಿದರೆ 8ನೇ ಕಲಮಿನಡಿ ಕೋರ್ಟು ಷರತ್ತು ತಿದ್ದಬಲ್ಲದು.

ಪ್ರಶ್ನೆ: ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ, ಓದಿದ್ದು ಕನ್ನಡ ಮಾಧ್ಯಮ. ಕೈದಿಗಳ ಪುನರ್ವಸತಿ ಕೆಲಸಕ್ಕೆ ಜೈಲು ಇಲಾಖೆಯೇ ಸರಿಯೆ?
– ಓದುಗರು, ಬದಿಯಡ್ಕ

ಉತ್ತರ: ಕೇರಳದಲ್ಲಿ ಪ್ರೊಬೇಷನ್ ಅಧಿಕಾರಿ ಇರುವುದು ಜೈಲು ಇಲಾಖೆಯಲ್ಲಲ್ಲ, ಸಾಮಾಜಿಕ ನ್ಯಾಯ ಇಲಾಖೆಯಲ್ಲಿ. ಮೇಲೆ ಹೇಳಿದ ಮನೆ ವಿಚಾರಣೆ, ಬಿಡುಗಡೆಯಾದವರ ಆರೈಕೆ, ಕೈದಿ ರಜೆ ಕೇಳಿದಾಗಿನ ವರದಿ, ಎಲ್ಲ ಅವರದೇ. ನಿಮ್ಮ ಓದಿಗೆ ಇದೇ ಹೊಂದುತ್ತದೆ. ಸೆಂಟ್ರಲ್ ಜೈಲುಗಳಲ್ಲಿ ವೆಲ್ಫೇರ್ ಆಫೀಸರ್ ಹುದ್ದೆಯೂ ಇದೆ. ಕೇರಳ ಲೋಕಸೇವಾ ಆಯೋಗದ (ಪಿಎಸ್‌ಸಿ) ತುಳಸಿ ಪೋರ್ಟಲಿನಲ್ಲಿ ಒಮ್ಮೆ ಹೆಸರು ನೋಂದಾಯಿಸಿ, ಅಧಿಸೂಚನೆ ಬಂದಾಗ ವಿದ್ಯಾರ್ಹತೆಯ ಸಾಲನ್ನು ಅಕ್ಷರ ಬಿಡದೆ ಓದಿ.

ಜೈಲು ಇಲಾಖೆಯ ಅಸಿಸ್ಟೆಂಟ್ ಪ್ರಿಸನ್ ಆಫೀಸರ್ ಹುದ್ದೆ ಸಮವಸ್ತ್ರದ್ದು. ಎಸ್ಸೆಸ್ಸೆಲ್ಸಿ ಸಾಕು, ಆದರೆ ದೈಹಿಕ ಪರೀಕ್ಷೆ ಇದೆ. ಗಂಡಸರಿಗೆ ಎಂಟು ಸ್ಪರ್ಧೆಗಳಲ್ಲಿ ಐದು ಗೆಲ್ಲಬೇಕು: 100 ಮೀಟರ್ 14 ಸೆಕೆಂಡಿನಲ್ಲಿ, 1500 ಮೀಟರ್ 5 ನಿಮಿಷ 44 ಸೆಕೆಂಡಿನಲ್ಲಿ, ಹೀಗೆ. ಹಗ್ಗ ಹತ್ತುವುದು 365.80 ಸೆಂ.ಮೀ., ಬರೀ ಕೈಯಲ್ಲಿ. ಅಡಿಕೆ ಮರ ಹತ್ತಿ ಪಳಗಿದವರೂ ಅಭ್ಯಾಸಬಲದಿಂದ ಕಾಲು ಕೊಟ್ಟು ಸೋಲುತ್ತಾರೆ.

ಯಾವ ದಾರಿ ಹಿಡಿದರೂ ಮಲಯಾಳ ಬರೆಯಲು ಕಲಿಯಿರಿ. ಪೆರ್ಲದ ತಾಯಿಯೊಬ್ಬರು ತುಳುವಿನಲ್ಲೋ ಕನ್ನಡದಲ್ಲೋ ಬಿಚ್ಚಿ ಹೇಳಿದ್ದು ಕೋರ್ಟಿನ ಕಡತಕ್ಕೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಸೇರಬೇಕು. ಎರಡೂ ಕಡೆ ಸಲೀಸಾಗಿ ಓಡಾಡಬಲ್ಲ ಅಧಿಕಾರಿಗಳು ಕಾಸರಗೋಡು ಜಿಲ್ಲೆಗೆ ನಿಜಕ್ಕೂ ಬೇಕು.