ಕ್ಯಾಂಪರ್ ಗಾಡಿಯ ಫ್ರಿಜ್ ಬೇಸಿಗೆಯಲ್ಲಿ ತಣ್ಣಗಾಗುತ್ತಿಲ್ಲ, ಸಣ್ಣ ಫ್ಯಾನ್ ಹಾಕಿದರೆ ಉಪಯೋಗವಿದೆಯೇ?

ಉಪಯೋಗ ಖಂಡಿತ ಇದೆ. ಗ್ಯಾಸು, ಕರೆಂಟು, ಬ್ಯಾಟರಿ ಮೂರರಲ್ಲೂ ನಡೆಯುವ ಫ್ರಿಜ್ಜು, ಏಪ್ರಿಲ್‌ನಲ್ಲಿ ಜೋಗಕ್ಕೆ ಹೋದಾಗ ಮಧ್ಯಾಹ್ನದೊಳಗೆ ಹಾಲು ಒಡೆಯಿತು, ಅತ್ತೆಯವರ ಇನ್ಸುಲಿನ್ ಕೂಡ ಅದರಲ್ಲೇ ಇತ್ತು ಅಂತ ಬರೆದಿದ್ದೀರಿ. ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ, ನಮ್ಮಮ್ಮನಿಗೂ ಇನ್ಸುಲಿನ್ ಇದೆ. ನಾನು ಶಿವಮೊಗ್ಗದವನು. ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್ ಮಾಡಿಸಿಕೊಂಡು ನಾಲ್ಕು ಬೇಸಿಗೆ ಓಡಿಸಿದ್ದೇನೆ, ಫ್ರಿಜ್ಜೂ ನಿಮ್ಮ ಜಾತಿಯದೇ. ಆದರೆ ಫ್ಯಾನ್ ತಂದು ಸಿಕ್ಕಿದ ಕಡೆ ಸಿಕ್ಕಿಸಿದರೆ ಆಗುವುದಿಲ್ಲ. ಗಾಳಿ ಎಲ್ಲಿಂದ ಒಳಗೆ ಬಂದು, ಯಾವುದನ್ನು ಸವರಿಕೊಂಡು, ಎಲ್ಲಿಂದ ಹೊರಗೆ ಹೋಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ಇದು ಮನೆಯ ಫ್ರಿಜ್ ತರಹ ಅಲ್ಲ, ಕಂಪ್ರೆಸರ್ ಇಲ್ಲ. ಹಿಂದಿನ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಸೀಲ್ ಆಗಿರುತ್ತವೆ. ಕೆಳಗೆ ಬರ್ನರೋ ಹೀಟರೋ ಕಾಯಿಸಿದಾಗ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ಮೇಲಿನ ಕಂಡೆನ್ಸರ್ ಫಿನ್‌ಗಳಲ್ಲಿ, ಅಂದರೆ ತೆಳು ಲೋಹದ ಪಟ್ಟಿಗಳಲ್ಲಿ, ಶಾಖ ಬಿಟ್ಟು ದ್ರವವಾಗುತ್ತದೆ, ಒಳಗೆ ಮತ್ತೆ ಆವಿಯಾಗುವಾಗ ತಂಪು ಕೊಡುತ್ತದೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ವಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದ ವಿಧಾನ ಇದು. ತಿರುಗುವ ಭಾಗ ಒಂದೂ ಇಲ್ಲ, ನನಗೆ ಇವತ್ತಿಗೂ ಅದೊಂದು ಬೆರಗು. ಹಿಂದಿನ ಗಾಳಿಯೂ ಹಾಗೇ, ಒಲೆಯ ಹೊಗೆಯಂತೆ ಬಿಸಿಯಾಗಿ ತಾನೇ ಮೇಲೇರಬೇಕು. ಹೊರಗೇ 36, 37 ಡಿಗ್ರಿ ಇದ್ದು, ಲೋಹದ ಗೋಡೆ ಬಿಸಿಲಿಗೆ ಕಾದಿದ್ದರೆ ಆ ಏರಿಕೆ ಮಂದವಾಗುತ್ತದೆ. ಶಾಖ ಫಿನ್‌ಗಳಲ್ಲೇ ನಿಲ್ಲುತ್ತದೆ. ಹೊರಗೆ ಶಾಖ ಹೋಗದಿದ್ದರೆ ಒಳಗೆ ತಂಪು ಹುಟ್ಟುವುದಿಲ್ಲ.

ಫ್ಯಾನ್ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಸಿಲಿಂಡರ್ ವಾಲ್ವ್ ಪೂರ್ತಿ ಮುಚ್ಚಿ, ಗ್ಯಾಸಿನ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು, ಫ್ರಿಜ್ಜನ್ನು ಮನೆಯ ಕರೆಂಟಿನಲ್ಲಿ ಎರಡು ಗಂಟೆ ಓಡಿಸಿ. ಆಮೇಲೆ ಫ್ರಿಜ್ಜಿನ ಹಿಂದೆ ಗಾಡಿಯ ಹೊರಗೋಡೆಯಲ್ಲಿರುವ ಕೆಳ ಜಾಲಿಯ ಹತ್ತಿರ ಒಂದು ಊದುಬತ್ತಿ ಹಿಡಿಯಿರಿ, ಮೇಲಿನ ಜಾಲಿ ಬಿಚ್ಚಿಟ್ಟುಕೊಂಡು ಟಾರ್ಚ್ ಬಿಟ್ಟು ನೋಡಿ. ನನ್ನ ಗಾಡಿಯಲ್ಲಿ ಫ್ರಿಜ್ಜಿನ ಬೆನ್ನಿಗೂ ಗಾಡಿಯ ಗೋಡೆಗೂ ನಡುವೆ ಹತ್ತಿರ ಹತ್ತಿರ ಒಂದು ಗೇಣು ಜಾಗ ಬಿಟ್ಟಿದ್ದರು. ಹೊಗೆಯ ಎಳೆ ಕೆಳಗೆ ಒಳಹೊಕ್ಕು, ಗೋಡೆಯನ್ನೇ ಹಿಡಿದುಕೊಂಡು ನೇರ ಮೇಲೆ ಹೋಗಿ ಹೊರಬಿತ್ತು. ಫಿನ್‌ಗಳ ಕಡೆ ತಿರುಗಿಯೂ ನೋಡಲಿಲ್ಲ. ಫಿನ್ ಮುಟ್ಟಿದರೆ ಬೆರಳು ಇಡಲಾಗದಷ್ಟು ಬಿಸಿ. ಇನ್ನೊಂದು ಸಣ್ಣ ಎಳೆ ಅಡುಗೆ ಕಟ್ಟೆಯ ಕೆಳಗಿನ ಸಂದಿನಿಂದ ಗಾಡಿಯೊಳಗೇ ಬಂತು. ಅದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು. ಊದುಬತ್ತಿ ಹೊಗೆ ಬರುವ ದಾರಿಯಲ್ಲಿ ಬರ್ನರಿನ ಹೊಗೆಯೂ ಬರುತ್ತದೆ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು, ಅದಕ್ಕೆ ವಾಸನೆ ಇಲ್ಲ, ರಾತ್ರಿ ಮಕ್ಕಳು ಮಲಗುವುದು ಅಲ್ಲೇ.

ಹಾಗಾಗಿ ಮೊದಲ ಕೆಲಸ ತಗಡಿನದು. ಫ್ರಿಜ್ಜಿನ ಹಿಂಭಾಗದಿಂದ ಗಾಡಿಯೊಳಗೆ ತೆರೆಯುವ ಸಂದುಗಳನ್ನೆಲ್ಲ ಪೂರ್ತಿ ಮುಚ್ಚಿಸಿ. ಆಮೇಲೆ ಅಲ್ಯೂಮಿನಿಯಂ ತಗಡನ್ನು ಓರೆಯಾಗಿ ಬಗ್ಗಿಸಿ, ಕಂಡೆನ್ಸರಿನ ಕೆಳಗೆ ಗೋಡೆಯ ಕಡೆಯ ಖಾಲಿ ಜಾಗಕ್ಕೆ ಅಡ್ಡ ಕೂರಿಸಿ, ಕೆಳಗಿನಿಂದ ಬರುವ ಗಾಳಿಗೆ ಫಿನ್‌ಗಳ ನಡುವೆ ತೂರದೆ ಬೇರೆ ದಾರಿ ಇರಬಾರದು. ಥರ್ಮಾಕೋಲ್, ಪ್ಲೈವುಡ್ ಬೇಡ, ಪಕ್ಕದಲ್ಲೇ ಹೊಗೆಕೊಳವೆ ಕಾಯುತ್ತಿರುತ್ತದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ತಗಡು ಕೆಲಸದವರಿಗೆ ಅಳತೆ ಕೊಟ್ಟರೆ ಅರ್ಧ ದಿನದ ಕೆಲಸ. ಈ ತಗಡೊಂದರಿಂದಲೇ ನನ್ನ ಫ್ರಿಜ್ಜು ಎರಡು ಡಿಗ್ರಿ ಇಳಿಯಿತು, ಫ್ಯಾನ್ ಆಗ ಇನ್ನೂ ಡಬ್ಬದಲ್ಲೇ ಇತ್ತು.

ಈಗ ಫ್ಯಾನ್. ಕಂಪ್ಯೂಟರಿಗೆ ಹಾಕುವ 120 ಮಿಲಿಮೀಟರ್‌ನ 12 ವೋಲ್ಟ್ ಫ್ಯಾನ್ ಎರಡು ಸಾಕು, ಬಾಲ್ ಬೇರಿಂಗ್ ಇರುವುದನ್ನೇ ಕೇಳಿ ತನ್ನಿ, ಮಲಗಿಸಿ ಕೂರಿಸಿದರೆ ಅದು ಹೆಚ್ಚು ಬಾಳುತ್ತದೆ. ಕಂಡೆನ್ಸರಿನ ಸ್ವಲ್ಪ ಕೆಳಗೆ ಮೇಲ್ಮುಖವಾಗಿ ಊದುವಂತೆ ಕೂರಿಸಿ. ಜಾಗವಿಲ್ಲದಿದ್ದರೆ ಮೇಲಿನ ಜಾಲಿಯ ಒಳಬದಿಯಲ್ಲಿ, ಹೊರಗೆ ತಳ್ಳುವಂತೆ. ಮೊದಲ ವರ್ಷ ನಾನು ಮೇಲಿನ ಜಾಲಿಯಿಂದ ತಣ್ಣನೆ ಗಾಳಿ ಒಳಗೆ ಊದಿಸಿದ್ದೆ. ಮೇಲೇಳುವ ಬಿಸಿಗಾಳಿಗೆ ಎದುರು ಊದಿ, ಇದ್ದ ತಂಪೂ ಹೋಯಿತು. ಬರ್ನರ್ ಹತ್ತಿರ ಮಾತ್ರ ಎಂದಿಗೂ ಫ್ಯಾನ್ ಇಡಬೇಡಿ. ಜ್ವಾಲೆ ಅಲುಗಾಡಿದರೆ ಗ್ಯಾಸು ಸರಿಯಾಗಿ ಉರಿಯುವುದಿಲ್ಲ, ಆರಿಯೂ ಹೋಗಬಹುದು.

ವೈರಿಂಗ್ ಸುಲಭ. ಬ್ಯಾಟರಿಯ ತುದಿಯಲ್ಲೇ 1 ಆಂಪಿಯರ್ ಫ್ಯೂಸ್, ನಡುವೆ 45 ಡಿಗ್ರಿಗೆ ಆನ್ ಆಗುವ ಸಣ್ಣ ಥರ್ಮೋಸ್ಟಾಟ್ ಸ್ವಿಚ್, ಅದನ್ನು ಫಿನ್‌ಗೆ ಒತ್ತಿ ಕ್ಲಿಪ್ ಮಾಡಿ. ತಣ್ಣಗಿದ್ದಾಗ ಆಫ್ ಇದ್ದು ಬಿಸಿಯಾದಾಗ ಆನ್ ಆಗುವಂಥದ್ದೇ (ನಾರ್ಮಲಿ ಓಪನ್) ಬೇಕು, ಉಲ್ಟಾ ಕೆಲಸ ಮಾಡುವುದೂ ಅದೇ ಆಕಾರದಲ್ಲಿ ಸಿಗುತ್ತದೆ, ನೋಡಿ ತನ್ನಿ. ಎರಡು ಫ್ಯಾನ್ ಸೇರಿ 0.4 ಆಂಪಿಯರ್ ತಿಂದರೂ ಹತ್ತು ಗಂಟೆಗೆ 4 ಆಂಪಿಯರ್ ಅವರ್ ಅಷ್ಟೆ. ಅದೇ ಫ್ರಿಜ್ಜಿನ 12 ವೋಲ್ಟ್ ಹೀಟರ್ ಗಂಟೆಗೆ 10 ಆಂಪಿಯರ್ ಅವರ್ ಎಳೆದುಬಿಡುತ್ತದೆ, ಅದನ್ನು ಇಂಜಿನ್ ಓಡುವಾಗ ಮಾತ್ರ ಹಾಕಿ.

ನಮ್ಮ ಕಡೆ ಇನ್ನೊಂದು ವಿಷಯವಿದೆ, ಫ್ಯಾನಿಗಿಂತ ದೊಡ್ಡದು. ಇಳಿಜಾರು. ಕೊಳವೆಗಳಲ್ಲಿ ದ್ರವ ಹರಿಯುವುದು ಬರೀ ತನ್ನ ತೂಕದಿಂದ. ಗಾಡಿ ಓರೆ ನಿಂತರೆ ಅದು ಬಾಗುಗಳಲ್ಲಿ ನಿಂತುಬಿಡುತ್ತದೆ, ಕೆಳಗಿನ ಬಾಯ್ಲರ್ ಒಣಗಿ ಕಾಯುತ್ತದೆ, ಹಾಗೇ ಬಹಳ ಹೊತ್ತು ಬಿಟ್ಟರೆ ಶಾಶ್ವತವಾಗಿ ಕೆಡುತ್ತದೆ. ಓಡುವಾಗ ಅಲುಗಾಟಕ್ಕೆ ಹರಿಯುತ್ತಿರುತ್ತದೆ, ತೊಂದರೆ ನಿಲ್ಲಿಸಿದಾಗ. ತೀರ್ಥಹಳ್ಳಿ ಹತ್ತಿರ ನೆಂಟರ ಮನೆಗೆ ಹೋದಾಗ ನೆರಳಿರಲಿ ಅಂತ ತೋಟದ ಇಳಿಜಾರಿನಲ್ಲಿ ನಿಲ್ಲಿಸಿದ್ದೆ. ರಾತ್ರಿಯಿಡೀ ಫ್ಯಾನ್ ಓಡಿತು, ಬೆಳಿಗ್ಗೆ ನೋಡಿದರೆ ಬೆಣ್ಣೆ ಕರಗಿ ನಿಂತಿತ್ತು. ಮಾವ ಮಾತಾಡದೆ ಗಾರೆ ಕೆಲಸದ ರಸಮಟ್ಟ ತಂದು ಫ್ರೀಜರಿನ ತಳದಲ್ಲಿಟ್ಟರು. ಗುಳ್ಳೆ ಒಂದು ಮೂಲೆಗೆ ಓಡಿಹೋಗಿತ್ತು. ಫ್ರಿಜ್ ಆರಿಸಿ, ಅಡಿಕೆ ಒಣಗಿಸುವ ಅಂಗಳಕ್ಕೆ ಗಾಡಿ ತಂದು, ಹಿಂದಿನ ಎಡಚಕ್ರಕ್ಕೆ ಒಂದು ಹಲಗೆ ಕೊಟ್ಟು, ಗುಳ್ಳೆ ನಡುವೆ ಬಂದ ಮೇಲೆ ಹಚ್ಚಿದೆವು. ಸಂಜೆಗೆ ಟ್ರೇಯಲ್ಲಿ ಐಸ್ ಕಟ್ಟಿತ್ತು. ಅಂದಿನಿಂದ ರಸಮಟ್ಟ ನನ್ನ ಗಾಡಿಯಲ್ಲೇ ಇದೆ.

ಫ್ರಿಜ್ಜಿನ ಒಳಗೂ ಒಂದು ಪುಟ್ಟ ಫ್ಯಾನ್ ಬೇಕು, ಅಂಗೈಯಗಲದ್ದು, ಅಲ್ಲಿರುವ ತಂಪು ಫಿನ್‌ಗಳ ಮುಂದೆ ಮೆಲ್ಲಗೆ ಗಾಳಿ ತಿರುಗಿಸುವಂತೆ. ಅದು ಹೊಸ ತಂಪು ತರುವುದಿಲ್ಲ, ಇರುವುದನ್ನು ಹಂಚುತ್ತದೆ. ಇನ್ಸುಲಿನ್ ಇಡುವವರಿಗೆ ಇದು ಸಣ್ಣ ವಿಷಯವಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಮತ್ತೆ ಕರಗಿದರೂ ಬಳಸುವಂತಿಲ್ಲ. ಈ ಫ್ರಿಜ್ಜುಗಳಲ್ಲಿ ಬಾಗಿಲ ಹತ್ತಿರ 12 ಇದ್ದಾಗಲೇ ಫಿನ್ ಪಕ್ಕದಲ್ಲಿ ಸೊನ್ನೆಗಿಂತ ಕೆಳಗಿರಬಹುದು. ಬಾಟಲಿಯನ್ನು ಫಿನ್‌ಗೆ ತಾಗದಂತೆ ನಡು ಅಟ್ಟದಲ್ಲಿ ಡಬ್ಬಿಯೊಳಗಿಡಿ, ಪಕ್ಕದಲ್ಲೇ ಒಂದು ಥರ್ಮಾಮೀಟರ್ ಇಡಿ. ಬೇಸಿಗೆಯ ಮಧ್ಯಾಹ್ನಕ್ಕೆ ನಾನು ಫ್ರಿಜ್ಜೊಂದನ್ನೇ ನಂಬುವುದಿಲ್ಲ. ಬಟ್ಟೆ ಸುತ್ತಿದ ಐಸ್ ಪ್ಯಾಕ್ ಹಾಕಿದ ಫ್ಲಾಸ್ಕ್ ಒಂದು ಜೊತೆಗಿರುತ್ತದೆ, ನೀವೂ ಇಟ್ಟುಕೊಳ್ಳಿ. ಜೋಗದಲ್ಲಿ ಬಿಸಿಯಾಗಿದ್ದ ಆ ಬಾಟಲಿಯನ್ನು ವೈದ್ಯರನ್ನು ಕೇಳದೆ ಮತ್ತೆ ಬಳಸಬೇಡಿ.

ಹೊರಡುವ ಹಿಂದಿನ ರಾತ್ರಿಯೇ ಮನೆಯ ಕರೆಂಟಿಗೆ ಹಚ್ಚಿಡಿ, ತಣ್ಣಗಾಗಲು ಎಂಟು ಹತ್ತು ಗಂಟೆ ಬೇಕೇ ಬೇಕು. ಸಾಮಾನನ್ನೂ ಮನೆಯಲ್ಲೇ ತಣ್ಣಗೆ ಮಾಡಿ ತುಂಬಿ. ಮಳೆಗಾಲ ಕಳೆದ ಮೇಲೆ ಬರ್ನರ್ ಕೊಳವೆಯನ್ನು ತಿಳಿದವರಿಂದ ಒಮ್ಮೆ ನೋಡಿಸಿ, ಕಣಜಗಳು ಅದರೊಳಗೆ ಮಣ್ಣಿನ ಗೂಡು ಕಟ್ಟುತ್ತವೆ.

ಇಷ್ಟೆಲ್ಲ ಮಾಡಿದ ಮೇಲೆ ಹೊರಗೆ 34 ಇರುವ ಮಧ್ಯಾಹ್ನ ನನ್ನದು 15ರಿಂದ 8ಕ್ಕೆ ಇಳಿಯಿತು. ನಿಮ್ಮದು ಇಳಿಯದಿದ್ದರೆ ಹಿಂದಿನ ಕೊಳವೆಗಳ ಮೇಲೆ ಹಳದಿ ಪುಡಿ ಇದೆಯೇ, ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಇದೆಯೇ ನೋಡಿ. ಇದ್ದರೆ ಕೂಡಲೇ ಆರಿಸಿ, ಕಿಟಕಿ ತೆರೆದು ಹೊರಗೆ ಬನ್ನಿ, ಯಾರಿಂದಲೂ ಅದಕ್ಕೆ ಬೆಸುಗೆ ಹಾಕಿಸಬೇಡಿ, ಒಳಗೆ ಒತ್ತಡದಲ್ಲಿ ಹೈಡ್ರೋಜನ್ ಇದೆ. ಇಲ್ಲದಿದ್ದರೆ ಊದುಬತ್ತಿ ಪರೀಕ್ಷೆ ಮಾಡಿ, ಹೊಗೆ ಎಲ್ಲಿಂದ ಹೋಯಿತು ಅಂತ ಇಲ್ಲಿ ಬರೆಯಿರಿ, ತಗಡು ಎಲ್ಲಿ ಕೂರಬೇಕು ಅಂತ ನೋಡಿ ಹೇಳುತ್ತೇನೆ.