ಪಬ್ಲಿಕ್ ಪಾಲಿಸಿನಾ, ಎನ್ವಿರಾನ್‌ಮೆಂಟಲ್ ಮ್ಯಾನೇಜ್‌ಮೆಂಟಾ: ಎರಡು ಸೀಟು ಕೈಲಿದ್ದ ಒಬ್ಬಳ ಪ್ರಕರಣ

ಈ ಪ್ರಕರಣ ಬರೀತಿರೋದು ಯಾಕಂದ್ರೆ ಇದೇ ಪ್ರಶ್ನೆ ಬೇರೆ ಬೇರೆಯವರ ಬಾಯಲ್ಲಿ ಮತ್ತೆ ಮತ್ತೆ ಬರ್ತಾ ಇದೆ. ಪರಿಸರದ ಕೆಲಸದಲ್ಲಿ ಕೆಲವು ವರ್ಷ ಇದ್ದವರು, ಮಾಸ್ಟರ್ಸ್‌ಗೆ ಎರಡೂ ಕಡೆ ಅಪ್ಲೈ ಮಾಡಿ, ಎರಡೂ ಕಡೆ ಸೀಟು ಸಿಕ್ಕಿ, ಇನ್ನು ಹದಿನೈದು ದಿನದಲ್ಲಿ ಒಂದನ್ನ ಬಿಡಬೇಕು ಅನ್ನೋವಾಗ ನನ್ನ ಹತ್ರ ಆಪ್ತಸಲಹೆಗೆ ಬರ್ತಾರೆ. ಬಂದವರಲ್ಲಿ ಹೆಚ್ಚಿನವರು ಒಂದು ಸಿಟ್ಟಲ್ಲಿರ್ತಾರೆ, ಎಲ್ಲೋ ಒಂದು ಮೀಟಿಂಗಲ್ಲಿ ಅವರ ಮಾತು ಬಿದ್ದುಹೋಗಿರುತ್ತೆ, ಆ ಸಿಟ್ಟೇ ಕೋರ್ಸ್ ಆರಿಸಿಬಿಡುತ್ತೆ ಅನ್ನೋದು ನನ್ನ ಭಯ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೀನಿ, ಬರೆಯೋಕೆ ಆಕೆಯ ಒಪ್ಪಿಗೆ ಇದೆ.

ಆಕೆ ಓದಿದ್ದು ಜೀವಶಾಸ್ತ್ರ. ಆಮೇಲೆ ಕೆರೆಗಳ ನೀರಿನ ಗುಣಮಟ್ಟ ಅಳೆಯೋ ಒಂದು ತಂಡದಲ್ಲಿ ಕೆಲಸ. ವಯಸ್ಸು ಇಪ್ಪತ್ತರ ಕೊನೆ. ಮನೆಯವರ ಒತ್ತಡ, ದುಡ್ಡಿನ ಲೆಕ್ಕ ಎಲ್ಲ ಇತ್ತು, ಆದ್ರೆ ಅದು ಎಲ್ಲರಿಗೂ ಇರುವಂಥದ್ದೇ, ಅದನ್ನ ಇಲ್ಲಿ ಬೆಳೆಸೋದಿಲ್ಲ.

ಮೊದಲನೇ ಸಲ ಬಂದಾಗ ಲ್ಯಾಪ್‌ಟಾಪಲ್ಲಿ ಒಂದು ದೊಡ್ಡ ಶೀಟ್ ತಂದಿದ್ಲು. ರ‍್ಯಾಂಕಿಂಗ್, ಫೀಸು, ಸ್ಕಾಲರ್‌ಶಿಪ್, ಹಳೆ ವಿದ್ಯಾರ್ಥಿಗಳು ಎಲ್ಲೆಲ್ಲಿದಾರೆ, ಎಲ್ಲಕ್ಕೂ ಅಂಕ ಹಾಕಿ ಕೂಡಿಸಿದ್ಲು, ಎರಡೂ ಕೋರ್ಸ್ ಹೆಚ್ಚುಕಮ್ಮಿ ಸಮ ಬಂದಿತ್ತು. ಅದರಿಂದ ಏನೂ ಗೊತ್ತಾಗಲ್ಲ, ಯಾಕಂದ್ರೆ ಅಂಕ ಹಾಕೋ ಕೈ ಮನಸ್ಸಿನ ಗೊಂದಲವನ್ನೇ ಬರೀತಾ ಹೋಗುತ್ತೆ. ಮುಂದಿನ ಸಲ ಶೀಟ್ ಬೇಡ, ಎರಡೂ ಕೋರ್ಸಿನ ಕಡ್ಡಾಯ ವಿಷಯಗಳ ಪಟ್ಟಿ ಮಾತ್ರ ತಗೊಂಡು ಬಾ ಅಂದೆ.

ಆ ಮುಂದಿನ ಸೆಶನ್ ಬಗ್ಗೆನೇ ನಾನು ಹೇಳಬೇಕಿರೋದು.

ಕೆಲಸದಲ್ಲಿ ನಿನಗೆ ಹೊತ್ತು ಹೋಗಿದ್ದೇ ಗೊತ್ತಾಗದ ಒಂದು ದಿನದ ಬಗ್ಗೆ ಹೇಳು ಅಂದೆ. ಆಕೆ ಶುರು ಮಾಡಿದ್ದು ನೀರಲ್ಲಿ ಕರಗಿರೋ ಆಮ್ಲಜನಕದಿಂದ. ಮಧ್ಯಾಹ್ನ ಹೋಗಿ ಅಳೆದ್ರೆ ಕೆರೆ ಆರೋಗ್ಯವಾಗಿರೋ ಹಾಗೆ ಕಾಣುತ್ತಂತೆ, ಪಾಚಿ ಬಿಸಿಲಲ್ಲಿ ಆಮ್ಲಜನಕ ಬಿಡ್ತಾ ಇರುತ್ತೆ, ರಾತ್ರಿ ಅದೇ ಪಾಚಿ ಉಸಿರಾಡಿ ಖಾಲಿ ಮಾಡುತ್ತೆ, ಬೆಳಕು ಹರಿಯೋ ಹೊತ್ತಿಗೆ ಮಟ್ಟ ಪಾತಾಳಕ್ಕೆ ಇಳಿದಿರುತ್ತೆ, ಮೀನು ಸಾಯೋದು ಆ ಹೊತ್ತಲ್ಲೇ. ಅದಕ್ಕೆ ಕತ್ತಲಿರುವಾಗಲೇ ದೋಣಿ ಇಳಿಸಿ ಅಳೆಯೋಕೆ ಶುರು ಮಾಡಿದ್ರಂತೆ. ಇದನ್ನ ಹೇಳೋವಾಗ ಆಕೆಯ ಮುಖನೇ ಬೇರೆ ಇತ್ತು.

ಆಮೇಲೆ ಮೀಟಿಂಗ್ ಕಥೆ. ಆ ಅಂಕಿಅಂಶ ಎಲ್ಲ ಸೇರಿಸಿ ವರದಿ ಮಾಡಿ, ನಿರ್ಧಾರ ತಗೊಳ್ಳೋ ಒಂದು ಸಮಿತಿ ಮುಂದೆ ಇಟ್ರು. ಅಲ್ಲಿದ್ದ ಒಬ್ಬ ಅಧಿಕಾರಿ, ಒಳಗೆ ಬರೋ ಕೊಳಚೆ ತಡೆಯೋದಾ, ಹೂಳು ತೆಗೆಯೋದಾ, ನೀರಿಗೆ ಗಾಳಿ ಬೆರೆಸೋ ಏರೇಟರ್ ಹಾಕೋದಾ, ದುಡ್ಡು ಇರೋದು ಒಂದಕ್ಕೆ, ಯಾವುದಕ್ಕೆ ಹಾಕೋಣ ಹೇಳಿ, ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಕೇಳಿದ್ರಂತೆ. ಇವರ ಹತ್ರ ಉತ್ತರ ಇರಲಿಲ್ಲ. ವಿಷಯವನ್ನ ಮುಂದೂಡಿದ್ರು, ಅದು ಅಲ್ಲೇ ಉಳೀತು. ಆಕೆಗೆ ಇದು ಅವಮಾನ ಆಗಿ ಕೂತಿತ್ತು. ಮೊದಲ ಸೆಶನ್ನಲ್ಲಿ ಇದನ್ನ ಹೇಳಿದಾಗ, ಅವರಿಗೆ ವಿಜ್ಞಾನ ಬೇಕಾಗಿಲ್ಲ, ಅದಕ್ಕೇ ನಾನು ಪಾಲಿಸಿ ಓದಿ ಆ ಕುರ್ಚಿಯಲ್ಲಿ ಕೂರಬೇಕು ಅಂದಿದ್ಲು.

ನನಗೆ ಆ ಕಾರಣ ಒಪ್ಪಿಗೆ ಇರಲಿಲ್ಲ, ಅದನ್ನ ನೇರವಾಗೇ ಹೇಳಿದೆ. ಪಾಲಿಸಿ ಡಿಗ್ರಿ ಯಾರಿಗೂ ಕುರ್ಚಿ ಕೊಡಲ್ಲ. ಅದು ಕಲಿಸೋದು ಮೈಕ್ರೋ ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಲಾಭ-ವೆಚ್ಚದ ವಿಶ್ಲೇಷಣೆ, ಸಂಸ್ಥೆಗಳು ಹೇಗೆ ನಡೀತವೆ ಅನ್ನೋದು, ಮತ್ತೆ ಎರಡು ಪುಟದ ಮೆಮೋ ಬರೆಯೋದು. ಆ ಮೆಮೋ ಓದಿ ಇನ್ಯಾರೋ ನಿರ್ಧಾರ ಮಾಡ್ತಾರೆ, ಎಷ್ಟೋ ಸಲ ಓದದೇನೂ ಮಾಡ್ತಾರೆ. ಸಮಿತಿ ಮೇಲಿನ ಸಿಟ್ಟಿಗೆ ಈ ಕೋರ್ಸ್ ಮಾಡಿದವರು ಎರಡನೇ ವರ್ಷದಲ್ಲಿ ತುಂಬಾ ಒದ್ದಾಡೋದನ್ನ ನೋಡಿದ್ದೀನಿ.

ಆಕೆ ಸುಮ್ಮನಾದ್ಲು. ಕೈಲಿದ್ದ ವಿಷಯಗಳ ಪಟ್ಟಿನ ಎರಡು ಸಲ ಓದಿದ್ಲು. ಆಮೇಲೆ ಹೇಳಿದ್ದು ಇದು: "ಆ ಅಧಿಕಾರಿ ಕೇಳಿದ್ದು ಸರಿಯಾದ ಪ್ರಶ್ನೆನೇ ಅಲ್ವಾ? ನಾನು ಅಷ್ಟು ವರ್ಷ ಅಳೆದಿದ್ದು ಆ ಪ್ರಶ್ನೆಗೆ ಉತ್ತರ ಕೊಡ್ತಾನೇ ಇರಲಿಲ್ಲ."

ನನ್ನ ಸಲಹೆ ನಿಂತಿದ್ದು ಈ ಮಾತಿನ ಮೇಲೆ. ಅಲ್ಲೀವರೆಗೂ ಆಕೆಗೆ ಪಾಲಿಸಿ ಬೇಕಾಗಿದ್ದು ಆ ಸಮಿತಿನ ಸೋಲಿಸೋಕೆ, ಈಗ ಆ ಸಮಿತಿಯ ಪ್ರಶ್ನೆ ಆಕೆಯದೇ ಪ್ರಶ್ನೆ ಆಯ್ತು. ಸಿಟ್ಟಿಗೆ ಆರಿಸಿದ ಕೋರ್ಸೂ ಈ ಪ್ರಶ್ನೆಗೆ ಆರಿಸಿದ ಕೋರ್ಸೂ ಹೆಸರಲ್ಲಿ ಒಂದೇ ಇರಬಹುದು, ಓದೋ ರೀತಿ ಬೇರೆ ಆಗುತ್ತೆ.

ಆಗ ನಾನು ಆಮ್ಲಮಳೆಯ ಉದಾಹರಣೆ ಕೊಟ್ಟೆ, ಈ ಎರಡು ವಿದ್ಯೆಗಳ ಸಂಬಂಧ ಅಷ್ಟು ಸ್ಪಷ್ಟವಾಗಿ ಕಾಣೋ ಪ್ರಸಂಗ ಕಡಿಮೆ. ಕೆರೆ ಸರೋವರಗಳು ಆಮ್ಲೀಯ ಆಗ್ತಿವೆ, ಮೀನು ಸಾಯ್ತಿವೆ, ಕಾರಣ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆ ಅಂತ ತೋರಿಸಿದ್ದು ನೀರಿಗೆ ಇಳಿದ ವಿಜ್ಞಾನಿಗಳು. ಆದ್ರೆ ಹೊಗೆ ಎಷ್ಟು ಇಳಿಸಬೇಕು, ಯಾರು ಇಳಿಸಬೇಕು ಅನ್ನೋದು ಆ ಮಾಪನದಿಂದ ತಾನಾಗೇ ಬರಲ್ಲ. ಅಮೆರಿಕ 1990ರ ಕ್ಲೀನ್ ಏರ್ ಆಕ್ಟ್ ತಿದ್ದುಪಡಿಯಲ್ಲಿ ಒಟ್ಟು ಹೊಗೆಗೆ ಮಿತಿ ಹಾಕಿ, ಒಂದು ಟನ್ ಸಲ್ಫರ್ ಡಯಾಕ್ಸೈಡಿಗೆ ಒಂದು ಪರ್ಮಿಟ್ ಅಂತ ಮಾಡಿ, ಅದನ್ನ ಕೊಂಡು ಮಾರೋಕೆ ಬಿಡ್ತು, 1995ರಲ್ಲಿ ಮೊದಲ ಹಂತ ಜಾರಿಗೆ ಬಂತು. ಕೆಲವು ಸ್ಥಾವರ ಹೊಗೆಯಿಂದ ಗಂಧಕ ತೆಗೆಯೋ ಸ್ಕ್ರಬ್ಬರ್ ಹಾಕಿಸಿದ್ವು, ಕೆಲವು ಗಂಧಕ ಕಡಿಮೆ ಇರೋ ಕಲ್ಲಿದ್ದಲಿಗೆ ಹೋದ್ವು, ಯಾರಿಗೆ ಯಾವುದು ಅಗ್ಗವೋ ಅದು. ಇದು ಪಾಲಿಸಿಯವರ ಯೋಚನೆ. ಆದ್ರೆ ಚಿಮಣಿಯಲ್ಲಿ ಹೊಗೆಯನ್ನ ನಿರಂತರವಾಗಿ ಅಳೆಯೋ ಉಪಕರಣ ಕೂತಿರದಿದ್ರೆ ಆ ಪರ್ಮಿಟ್ಟಿಗೆ ಕಾಗದದ ಬೆಲೆನೂ ಇರ್ತಿರಲಿಲ್ಲ.

ಹಾಗಾದ್ರೆ ನಾನು ಆ ಅಳೆಯೋ ಕಡೆಯವಳು ಅಂತ ಆಕೆ ಅಂದ್ಲು. ಹೌದು, ಅದು ನಿನಗೆ ಈಗಾಗಲೇ ಬರುತ್ತೆ, ಬರದೇ ಇರೋದು ಇನ್ನೊಂದು ಕಡೆದು, ಅದಕ್ಕೇ ಪಬ್ಲಿಕ್ ಪಾಲಿಸಿ ತಗೋ ಅಂದೆ.

ಈ ಸಲಹೆ ಬಗ್ಗೆ ನನ್ನ ಜೊತೆ ಕೆಲಸ ಮಾಡೋ ಒಬ್ಬರು ತಕರಾರು ಮಾಡಿದ್ರು, ಎರಡು ಮಾತಲ್ಲಿ. ಆಕೆಯ ಮುಖ ಅರಳಿದ್ದು ಕೆರೆ ಬಗ್ಗೆ ಮಾತಾಡೋವಾಗ, ನೀವು ಯಾಕೆ ಅದರ ವಿರುದ್ಧ ಹೇಳಿದ್ರಿ ಅಂತ ಒಂದು. ಆಪ್ತಸಲಹೆ ಮಾಡೋರು ಹೀಗೆ ಮಾಡು ಅಂತ ಹೇಳ್ಲೇಬಾರದು, ಅವರಾಗೇ ಕಂಡುಕೊಳ್ಳೋ ತನಕ ಕಾಯಬೇಕು ಅಂತ ಇನ್ನೊಂದು.

ಎರಡನೇದಕ್ಕೆ ಮೊದಲು ಹೇಳ್ತೀನಿ. ದುಃಖದಲ್ಲಿರೋರ ಜೊತೆ ನಾನೂ ಕಾಯ್ತೀನಿ. ಆದ್ರೆ ಕೋರ್ಸ್ ಆಯ್ಕೆಯಲ್ಲಿ ಒಂದು ಕೊನೆ ದಿನಾಂಕ ಇದೆ, ಕೇಳೋರಿಗೆ ಗೊತ್ತಿಲ್ಲದ ಕೆಲವು ಸಂಗತಿ ನಮಗೆ ಗೊತ್ತಿರುತ್ತೆ, ಅದನ್ನ ಬಾಯಿಬಿಟ್ಟು ಹೇಳದೆ ನಿನಗೇನನ್ಸುತ್ತೆ ನಿನಗೇನನ್ಸುತ್ತೆ ಅಂತ ಕೇಳ್ತಾ ಕೂರೋದು ಅವರನ್ನ ನಡುನೀರಲ್ಲಿ ಬಿಟ್ಟ ಹಾಗೆ. ನನ್ನ ಕಾರಣಗಳನ್ನ ಆಕೆ ಮುಂದೆ ಬಿಡಿಸಿಟ್ಟೆ, ಒಪ್ಪದೇ ಇರೋ ಸ್ವಾತಂತ್ರ್ಯ ಆಕೆಗೆ ಇತ್ತು, ಒಂದೆರಡು ಮಾತಿಗೆ ವಾದನೂ ಮಾಡಿದ್ಲು.

ಇನ್ನು ಮುಖ ಅರಳಿದ ವಿಷಯ. ಇಷ್ಟ ಇರೋದನ್ನೇ ಓದು ಅನ್ನೋ ಸಲಹೆ ಹದಿನೆಂಟು ವರ್ಷದವರಿಗೆ ಸರಿ. ಅನುಭವ ಇಟ್ಕೊಂಡು ಮಾಸ್ಟರ್ಸ್‌ಗೆ ಹೋಗೋರಿಗೆ ನಾನು ಹೇಳೋದೇ ಬೇರೆ: ನಿನಗೆ ಬೇಕಾಗಿದ್ದೂ, ಕ್ಲಾಸಿನ ಹೊರಗೆ ನೀನಾಗೇ ಕಲಿಯೋಕೆ ಆಗದೇ ಇರೋದೂ ಯಾವುದೋ ಅದಕ್ಕೆ ಎರಡು ವರ್ಷ ಕೊಡು. ಆಕೆಗೆ ಸಿಕ್ಕಿದ್ದ ಎನ್ವಿರಾನ್‌ಮೆಂಟಲ್ ಮ್ಯಾನೇಜ್‌ಮೆಂಟ್ ಕೋರ್ಸಿನ ಕಡ್ಡಾಯ ವಿಷಯಗಳಲ್ಲಿ ಇದ್ದಿದ್ದು ಇಕಾಲಜಿ, ಜಲವಿಜ್ಞಾನ, ಜಿಐಎಸ್ (ಕಂಪ್ಯೂಟರಲ್ಲಿ ನಕ್ಷೆ ಮಾಡಿ ವಿಶ್ಲೇಷಿಸೋದು), ಪರಿಸರ ಪರಿಣಾಮದ ಅಂದಾಜು. ಅರ್ಧದಷ್ಟು ಆಕೆ ಕೆಲಸದಲ್ಲೇ ಮಾಡಿದ್ದು. ಎಕನಾಮಿಕ್ಸ್ ಮಾತ್ರ ಆಕೆ ಒಬ್ಬಳೇ ಕೂತು ಕಲಿಯೋಕೆ ಎರಡು ಸಲ ಶುರು ಮಾಡಿ ಬಿಟ್ಟಿದ್ಲು. ಕೆರೆ ಮೇಲಿನ ಪ್ರೀತಿ ಪಾಲಿಸಿ ಓದಿದ್ರೆ ಹೋಗಿಬಿಡುತ್ತೆ ಅನ್ನೋದು ಆಕೆಯ ದೊಡ್ಡ ಹೆದರಿಕೆ ಆಗಿತ್ತು. ಅಷ್ಟು ವರ್ಷ ಕತ್ತಲಲ್ಲಿ ದೋಣಿ ಇಳಿಸಿದವಳ ಪ್ರೀತಿ ಒಂದು ಡಿಗ್ರಿಯಿಂದ ಹೋಗಲ್ಲ, ಇದನ್ನ ನಾನು ಪೂರ್ತಿ ನಂಬ್ತೀನಿ.

ಇದನ್ನ ಓದಿ ಪಾಲಿಸಿನೇ ಮೇಲು ಅಂತ ಯಾರೂ ತಿಳ್ಕೋಬೇಡಿ. ಇದಕ್ಕೆ ಸರಿಯಾಗಿ ಉಲ್ಟಾ ಪ್ರಕರಣನೂ ಬಂದಿತ್ತು. ಆತ ಓದಿದ್ದು ಎಕನಾಮಿಕ್ಸ್, ಕಾರ್ಬನ್ ಟ್ಯಾಕ್ಸ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಿದ್ದ, ಆದ್ರೆ ಒಂದು ಜೌಗು ಭೂಮಿ ಬತ್ತಿದ್ರೆ ಅದರಲ್ಲಿದ್ದ ಇಂಗಾಲ ಎಲ್ಲಿಗೆ ಹೋಗುತ್ತೆ ಅಂದ್ರೆ ಗೊತ್ತಿರಲಿಲ್ಲ. ಅವನಿಗೆ ಎನ್ವಿರಾನ್‌ಮೆಂಟಲ್ ಮ್ಯಾನೇಜ್‌ಮೆಂಟ್ ಅಂದೆ, ಅದೇ ಕಾರಣಕ್ಕೆ.

ಎರಡನ್ನೂ ಒಟ್ಟಿಗೆ ಮಾಡಬಹುದಲ್ವಾ ಅಂತ ಎಲ್ಲರೂ ಕೇಳ್ತಾರೆ. ಮಾಡಬಹುದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಎರಡೂ ಡಿಗ್ರಿ ಸೇರಿಸಿ ಮೂರು ವರ್ಷದಲ್ಲಿ ಮುಗಿಸೋ ದಾರಿ ಇದೆ, ಅಲ್ಲಿನದೇ ಇಂಡಿಯಾನಾ ವಿಶ್ವವಿದ್ಯಾಲಯದ ಓನೀಲ್ ಸ್ಕೂಲಲ್ಲಿ ಸಾರ್ವಜನಿಕ ಆಡಳಿತ ಮತ್ತು ಪರಿಸರ ವಿಜ್ಞಾನದ ಜೋಡಿ ಡಿಗ್ರಿ ಇದೆ. ಎರಡೂ ನಿಜವಾಗಿ ಬೇಕಾದವರಿಗೆ ಅದು ಒಳ್ಳೇದೇ. ಆದ್ರೆ ತೀರ್ಮಾನ ಮಾಡೋಕೆ ಆಗದೆ ಮೂರನೇ ವರ್ಷದ ಫೀಸು ಕಟ್ಟೋದು ಬೇಡ. ಆಕೆಗೂ ಅದನ್ನೇ ಹೇಳಿದ್ದು, ಇದೊಂದು ಮಾತಿಗೆ ಮಾತ್ರ ವಾದ ಮಾಡಲಿಲ್ಲ.

ಅವಧಿನೂ ನೋಡ್ಕೊಳ್ಳಿ. ಆಕ್ಸ್‌ಫರ್ಡ್‌ನಲ್ಲಿ ಪಬ್ಲಿಕ್ ಪಾಲಿಸಿ ಮಾಸ್ಟರ್ಸೂ ಒಂದು ವರ್ಷ, ಎನ್ವಿರಾನ್‌ಮೆಂಟಲ್ ಚೇಂಜ್ ಅಂಡ್ ಮ್ಯಾನೇಜ್‌ಮೆಂಟ್ ಎಂಎಸ್ಸಿನೂ ಒಂದು ವರ್ಷ. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ವರ್ಷ, ನಡುವೆ ಒಂದು ಬೇಸಿಗೆ ಇಂಟರ್ನ್‌ಶಿಪ್ಪಿಗೆ ಸಿಗುತ್ತೆ. ಹೊಸ ಕ್ಷೇತ್ರಕ್ಕೆ ದಾಟ್ತಿರೋರಿಗೆ ಆ ಬೇಸಿಗೆ ಬಹಳ ಮುಖ್ಯ, ಒಂದೇ ವರ್ಷದ ಕೋರ್ಸಲ್ಲಿ ಉಸಿರು ತಗೊಳ್ಳೋ ಮೊದಲೇ ಕೆಲಸ ಹುಡುಕೋ ಹೊತ್ತು ಬಂದಿರುತ್ತೆ.

ಕೋರ್ಸಿನ ಹೆಸರು ನೋಡಿ ಮಾತ್ರ ನಿರ್ಧಾರ ಮಾಡ್ಬೇಡಿ ಅಂತ ಕೈಮುಗಿದು ಹೇಳ್ತೀನಿ. ಕೆಲವು ಎನ್ವಿರಾನ್‌ಮೆಂಟಲ್ ಮ್ಯಾನೇಜ್‌ಮೆಂಟ್ ಕೋರ್ಸಲ್ಲಿ ಎಕನಾಮಿಕ್ಸ್ ಮತ್ತು ಪಾಲಿಸಿಗೇ ಒಂದು ವಿಭಾಗ ಇರುತ್ತೆ, ಕೆಲವು ಪಾಲಿಸಿ ಕೋರ್ಸಲ್ಲಿ ಪರಿಸರ ಅಂದ್ರೆ ಒಂದೇ ಒಂದು ಐಚ್ಛಿಕ ವಿಷಯ. ಕೊನೆಗೆ ಮಾಡಿಸೋ ಪ್ರಾಜೆಕ್ಟ್ ನೋಡಿ, ಅದರಲ್ಲಿ ಕೋರ್ಸಿನ ಸ್ವಭಾವ ಗೊತ್ತಾಗುತ್ತೆ. ಹಾರ್ವರ್ಡ್ ಕೆನಡಿ ಸ್ಕೂಲಲ್ಲಿ ಪಾಲಿಸಿ ಓದೋರು ಒಂದು ನಿಜವಾದ ಸಂಸ್ಥೆಯ ಸಮಸ್ಯೆ ತಗೊಂಡು ವಿಶ್ಲೇಷಣೆ ಬರೀಬೇಕು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕ್ಯಾಂಪಸ್ಸಿನ ಬ್ರೆನ್ ಸ್ಕೂಲಲ್ಲಿ ಪರಿಸರದ ವಿದ್ಯಾರ್ಥಿಗಳು ತಂಡ ಕಟ್ಕೊಂಡು ಒಂದು ಪರಿಸರ ಸಮಸ್ಯೆ ಮೇಲೆ ಕೆಲಸ ಮಾಡ್ತಾರೆ. ನಿಮಗೆ ಸೀಟು ಸಿಕ್ಕಿರೋ ಜಾಗದ ಹಳೇ ಪ್ರಾಜೆಕ್ಟುಗಳ ಶೀರ್ಷಿಕೆ ಓದಿ, ಅದರಲ್ಲಿ ನೀವು ಮಾಡಬೇಕು ಅನ್ಸೋದು ಎಷ್ಟಿವೆ ನೋಡಿ.

ಆಕೆಗೆ ಕೊನೆಗೆ ಕೊಟ್ಟ ಕೆಲಸ, ಎರಡೂ ಕೋರ್ಸಿಂದ ಪಾಸಾಗಿ ಕೆಲವು ವರ್ಷ ಆದವರನ್ನ ಹುಡುಕಿ ಮಾತಾಡೋದು. ಕೋರ್ಸ್ ಹೇಗಿತ್ತು ಅಂತ ಕೇಳಬೇಡ, ಎಲ್ಲರೂ ಚೆನ್ನಾಗಿತ್ತು ಅಂತಾರೆ, ಹೋದ ವಾರ ಆಫೀಸಲ್ಲಿ ಏನೇನು ಮಾಡಿದ್ರಿ ಅಂತ ಕೇಳು ಅಂದಿದ್ದೆ. ಪಾಲಿಸಿ ಓದಿದ ಒಬ್ಬರು, ನೀರಿನ ಮೀಟರ್ ದರ ಏರಿಸಿದ್ರೆ ಬಡ ಮನೆಗಳ ಮೇಲೆ ಎಷ್ಟು ಹೊರೆ ಬೀಳುತ್ತೆ ಅಂತ ವಾರವಿಡೀ ಲೆಕ್ಕ ಹಾಕಿದೆ, ಇನ್ನೂ ಮುಗಿದಿಲ್ಲ ಅಂದ್ರಂತೆ. ಅದನ್ನ ಕೇಳಿ ಬೇಜಾರಾಯ್ತಾ ಅಂದೆ. ಇಲ್ಲ, ಆ ಲೆಕ್ಕ ಹೇಗೆ ಹಾಕ್ತಾರೆ ಅಂತ ಒಂದು ಗಂಟೆ ಕೇಳ್ಕೊಂಡೆ ಅಂದ್ಲು, ಅದೇ ವಾರ ಪಾಲಿಸಿ ಸೀಟಿಗೆ ದುಡ್ಡು ಕಟ್ಟಿದ್ಲು.